ಮಂಗಳ ಹಾಡುವವರು ಯಾರು?

ಅಪ್ಪ ಟೀವಿ ರಾಮಾಯಣ ನೋಡುವುದನ್ನು ಬಿಟ್ಟದ್ದು ರಾವಣ ಸಾಯುವುದಕ್ಕೆ ಮೊದಲೇ. ಆಗ ಅವನಿಗೆ ಹದಿನಾಲ್ಕು ವರ್ಷ. ಊರಿಗೆಲ್ಲ ಇದ್ದದ್ದು ಒಂದೇ ಟೀವಿ, ಅದೂ ಮೇಲುಕೇರಿಯ ದೊಡ್ಡಮನೆಯಲ್ಲಿ. ಭಾನುವಾರ ಬೆಳಿಗ್ಗೆ ನಮ್ಮ ಕೇರಿಯ ಹುಡುಗರು ಅಂಗಳದಲ್ಲಿ ನಿಂತು ಕಿಟಕಿಯಿಂದ ನೋಡುತ್ತಿದ್ದರು. "ಒಂದಿನ ಮೈಮರ್ತು ಒಬ್ಬ ಜಗುಲಿ ಹತ್ಬುಟ್ಟ. ಕಂತು ಮುಗುದ್ಮೇಲೆ ಜಗುಲಿ ತೊಳುದ್ರು ಮಗ. ಆವತ್ತೇ ಬಿಟ್ಟೆ. ನನ್ ಪಾಲಿಗೆ ಸೀತವ್ವ ಇನ್ನೂ ಲಂಕೇಲೇ ಅವ್ಳೆ" ಎಂದು ಅಪ್ಪ ಈಗಲೂ ನಗುತ್ತಾನೆ.

ಒಂದು ಧಾರಾವಾಹಿಯನ್ನು ಎಲ್ಲಿಗೆ ಬಿಡಬೇಕು? ಇದು ಬಿಡುವಿದ್ದವರ ಹರಟೆಯ ಪ್ರಶ್ನೆಯಂತೆ ಕಾಣಬಹುದು. ಆದರೆ ಈ ದೇಶದಲ್ಲಿ ಒಮ್ಮೆ ಇದೇ ಪ್ರಶ್ನೆ ಬೀದಿಗೆ ಬಂದಿತ್ತು. ಅದನ್ನು ಬೀದಿಗೆ ತಂದವರು ಬೀದಿ ಗುಡಿಸುವವರು.

ರಮಾನಂದ ಸಾಗರ್ ಅವರ 'ರಾಮಾಯಣ' ದೂರದರ್ಶನದಲ್ಲಿ 1987ರ ಜನವರಿ 25ರಂದು ಶುರುವಾಯಿತು. 52 ಕಂತು ಎಂದು ಹೊರಟದ್ದು 78ಕ್ಕೆ ಬೆಳೆದು, 1988ರ ಜುಲೈ 31ರಂದು ಪಟ್ಟಾಭಿಷೇಕದ ಜಯಕಾರದಲ್ಲಿ ಮುಗಿಯಿತು. ಆಗ ಇದ್ದದ್ದು ಸರ್ಕಾರದ ದೂರದರ್ಶನವೊಂದೇ. ಬೇರೆ ಚಾನೆಲ್ಲಿಗೆ ತಿರುಗಿಸೋಣ ಎಂದರೆ ಚಾನೆಲ್ಲೇ ಇರಲಿಲ್ಲ. ನೋಡಬೇಕು, ಇಲ್ಲವೇ ಆರಿಸಬೇಕು. ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂಬುದು ನಿರ್ಮಾಪಕ, ಪ್ರಾಯೋಜಕ ಮತ್ತು ಪ್ರಭುತ್ವದ ನಡುವಿನ ಮಾತು. ನೋಡುಗನಿಗೆ ಅಲ್ಲಿ ಬಾಯಿ ಇರಲಿಲ್ಲ.

ಆ ಬಾಯನ್ನು ತೆರೆದವರು ಪಂಜಾಬಿನ ಜಲಂಧರದ ಸಫಾಯಿ ಕರ್ಮಚಾರಿಗಳು. ಅವರಲ್ಲಿ ಹೆಚ್ಚಿನವರು ವಾಲ್ಮೀಕಿಯನ್ನು ಗುರುವೆಂದು, ದೇವರೆಂದು ನಂಬಿದ ವಾಲ್ಮೀಕಿ ಸಮುದಾಯದವರು. (ನಮ್ಮ ಕರ್ನಾಟಕದ ವಾಲ್ಮೀಕಿ ನಾಯಕರ ಚರಿತ್ರೆ ಬೇರೆ. ಹೆಸರು ಒಂದೇ ಎಂದು ಎರಡನ್ನೂ ಬೆರೆಸಬಾರದು.) ಸೀತೆಗೆ ಆಶ್ರಯ ಕೊಟ್ಟವನು, ಲವಕುಶರನ್ನು ಸಾಕಿದವನು, ಕಥೆಯನ್ನೇ ಕಟ್ಟಿದವನು ವಾಲ್ಮೀಕಿ. ಅವನ ಆಶ್ರಮ ಬರುವುದು ಉತ್ತರಕಾಂಡದಲ್ಲಿ. ಅದಿಲ್ಲದೆ ಕಥೆ ಮುಗಿಸುತ್ತೀರಾ? ಹಾಗಾದರೆ ನಾವು ಕಸ ಎತ್ತುವುದಿಲ್ಲ ಎಂದರು. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಕಸ ಕೊಳೆತು ರೋಗ ಹರಡುವ ಭಯ ಹುಟ್ಟಿದಾಗ ಪ್ರಭುತ್ವ ಮಣಿಯಿತು. 1988ರ ಅಕ್ಟೋಬರಿನಲ್ಲಿ 'ಉತ್ತರ ರಾಮಾಯಣ' ಶುರುವಾಯಿತು.

ಈ ಘಟನೆಯನ್ನು ಮೋಜಿನ ಕಥೆಯಂತೆ ಹೇಳುವುದನ್ನು ನಾನು ವಿಚಾರ ಸಂಕಿರಣಗಳಲ್ಲಿ ಕೇಳಿದ್ದೇನೆ. ನೋಡಿ, ಧಾರಾವಾಹಿ ಬೇಕು ಅಂತ ಮುಷ್ಕರ ಮಾಡಿದರಂತೆ! ನಗುವವರು ಒಂದನ್ನು ಮರೆಯುತ್ತಾರೆ. ಇವರು ಕೇಳಿದ್ದು ಇನ್ನಷ್ಟು ಮನರಂಜನೆಯನ್ನಲ್ಲ. ಕವಿಯನ್ನು ಹೊರಗಿಟ್ಟು ಕಾವ್ಯಕ್ಕೆ ಮಂಗಳ ಹಾಡುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಕೇಳಿದರು. ಇದು ವಿಮರ್ಶೆಯ ಪ್ರಶ್ನೆ. ಅದನ್ನು ಕೇಳಲು ಅವರ ಬಳಿ ಪತ್ರಿಕೆ ಇರಲಿಲ್ಲ, ಪೊರಕೆ ಇತ್ತು. ಅದನ್ನು ಕೆಳಗಿಟ್ಟರು.

ಉತ್ತರಕಾಂಡ ಪ್ರಕ್ಷಿಪ್ತ, ಆಮೇಲೆ ಸೇರಿದ್ದು, ಆದ್ದರಿಂದ ಬಿಡಬಹುದು ಎಂಬ ವಾದವಿದೆ. ವಿದ್ವಾಂಸರು ಹಾಗೆ ಹೇಳಿರುವುದು ನಿಜ. ಆದರೆ ಅದೇ ವಿದ್ವಾಂಸರು ಬಾಲಕಾಂಡದ ಬಹುಭಾಗವನ್ನೂ ಪ್ರಕ್ಷಿಪ್ತವೆನ್ನುತ್ತಾರೆ. ಧಾರಾವಾಹಿ ರಾಮನ ಬಾಲ್ಯವನ್ನು ಬಿಡಲಿಲ್ಲವಲ್ಲ! ಬೇಕಾದ ಪ್ರಕ್ಷೇಪ ಉಳಿಯುತ್ತದೆ, ಬೇಡದ್ದು ಉದುರುತ್ತದೆ. ಪಟ್ಟಾಭಿಷೇಕಕ್ಕೆ ನಿಲ್ಲಿಸಿದರೆ ರಾಮರಾಜ್ಯ ಒಂದು ಆಸೆಯಾಗಿ ಉಳಿಯುತ್ತದೆ. ಒಂದು ಹೆಜ್ಜೆ ಮುಂದೆ ಹೋದರೆ ಆ ರಾಜ್ಯ ನಡೆದದ್ದು ಹೇಗೆ ಎಂದು ಹೇಳಬೇಕಾಗುತ್ತದೆ. ಬಸುರಿ ಸೀತೆ ಕಾಡಿಗೆ ಹೋಗುತ್ತಾಳೆ. ತಪಸ್ಸು ಮಾಡಿದ ಶೂದ್ರ ಶಂಬೂಕನ ತಲೆ ಉರುಳುತ್ತದೆ.

ಅದೇ ದಿನಗಳಲ್ಲಿ ಮುಂಬಯಿಯಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಹಾರಾಷ್ಟ್ರ ಸರ್ಕಾರ 1987ರಲ್ಲಿ ಅಂಬೇಡ್ಕರ್ ಬರಹಗಳ 4ನೆಯ ಸಂಪುಟ ತಂದಿತು. ಅದರ ಅನುಬಂಧದಲ್ಲಿ ರಾಮ ಮತ್ತು ಕೃಷ್ಣರ ಕುರಿತ ಒಗಟು ಇತ್ತು. ಶಿವಸೇನೆ ಅದನ್ನು ತೆಗೆಯಬೇಕೆಂದಿತು. 1988ರ ಆರಂಭದಲ್ಲಿ ದಲಿತರು ಭಾರಿ ಸಂಖ್ಯೆಯಲ್ಲಿ ಬೀದಿಗಿಳಿದರು. ಕೊನೆಗೆ ಈ ಅಭಿಪ್ರಾಯಗಳಿಗೆ ಸರ್ಕಾರದ ಒಪ್ಪಿಗೆಯಿಲ್ಲ ಎಂಬ ಟಿಪ್ಪಣಿಯೊಂದಿಗೆ ಅನುಬಂಧ ಉಳಿಯಿತು. ಒಂದೇ ವರ್ಷ, ಎರಡು ಊರು, ಎರಡು ಪಠ್ಯ. ಎರಡರಲ್ಲೂ ಕೊನೆಯ ಭಾಗವನ್ನೇ ಕತ್ತರಿಸಹೊರಟರು, ಎರಡನ್ನೂ ಉಳಿಸಿದವರು ದಲಿತರು.

ಆದರೆ ಜಲಂಧರದವರಿಗೆ ಸಿಕ್ಕಿದ್ದೇನು? ನಾವು ಇಲ್ಲಿ ಭಾವುಕರಾಗಬಾರದು. ತೆರೆಗೆ ಬಂದ ಉತ್ತರ ರಾಮಾಯಣದಲ್ಲಿ ವಾಲ್ಮೀಕಿ ಇದ್ದಾನೆ, ಲವಕುಶರ ಹಾಡು ಇದೆ, ಶಂಬೂಕ ಇಲ್ಲ. ಸೀತೆಯೂ ತಾನಾಗಿಯೇ ಕಾಡಿಗೆ ಹೊರಡುತ್ತಾಳೆ, ರಾಮನ ಕೈ ಶುದ್ಧವಾಗಿ ಉಳಿಯುತ್ತದೆ. ಚಾತುರ್ವರ್ಣ್ಯ ದಂಡದ ಬಲವಿಲ್ಲದೆ ನಿಲ್ಲಲಾರದು, ಶಂಬೂಕನ ವಧೆ ಅದಕ್ಕೆ ಸಾಕ್ಷಿ ಎಂದು ಅಂಬೇಡ್ಕರ್ 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿದ್ದರು. 1944ರಲ್ಲಿ ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ರಾಮನ ಬ್ರಹ್ಮಾಸ್ತ್ರವನ್ನು ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗಿಸಿದ್ದರು. ದೂರದರ್ಶನ ಅಸ್ತ್ರವನ್ನು ತಿರುಗಿಸಲೂ ಇಲ್ಲ, ಪ್ರಯೋಗಿಸಲೂ ಇಲ್ಲ. ಗುರುವನ್ನು ಒಳಗೆ ಬಿಟ್ಟುಕೊಂಡು ಶಂಬೂಕನನ್ನು ಸದ್ದಿಲ್ಲದೆ ಅಳಿಸಿತು.

ವಾಲ್ಮೀಕಿ ಎಂಬ ಹೆಸರೇ ಸಫಾಯಿ ಜಾತಿಗಳನ್ನು ಹಿಂದೂ ಚೌಕಟ್ಟಿನೊಳಗೆ ಕಟ್ಟಿಹಾಕುವ ಉಪಾಯ ಎಂದು ಭಗವಾನ್ ದಾಸ್ ಅವರಂಥ ಅಂಬೇಡ್ಕರ್‌ವಾದಿಗಳು ಪ್ರಶ್ನಿಸಿದ್ದಾರೆ. ಆ ಪ್ರಶ್ನೆಯಲ್ಲಿ ಸತ್ಯವಿದೆ. ಧಾರಾವಾಹಿಯ ಎರಡು ಭಾಗಗಳೂ ಮುಗಿದವು, ಪೊರಕೆ ಮಾತ್ರ ಅದೇ ಕೈಗೆ ವಾಪಸು ಬಂತು. ಆದರೂ ಆ ಮುಷ್ಕರವನ್ನು ಬರೀ ಸಂಸ್ಕೃತೀಕರಣ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಸಂಬಳಕ್ಕಾಗಿ ಮುಷ್ಕರ ಹೂಡಿದವರನ್ನು ನಾವು ಬಲ್ಲೆವು. ಒಂದು ಕಥೆಯ ಅಂತ್ಯಕ್ಕಾಗಿ ದುಡಿಮೆ ನಿಲ್ಲಿಸಿದವರು ಎಷ್ಟು ಜನ? ನಾವೂ ಈ ಕಥೆಯ ಹಕ್ಕುದಾರರು ಎಂಬ ಮಾತು ಅದರಲ್ಲಿದೆ.

2020ರ ಮಾರ್ಚ್ 28ರಿಂದ, ಲಾಕ್‌ಡೌನಿನಲ್ಲಿ, ದೂರದರ್ಶನ ಅದೇ ರಾಮಾಯಣವನ್ನು ಮತ್ತೆ ತೋರಿಸಿತು. ಬೆನ್ನಿಗೇ ಉತ್ತರ ರಾಮಾಯಣವೂ ಬಂತು. ನಾನು ಮೊದಲ ಸಲ ಪೂರ್ತಿ ನೋಡಿದ್ದು ಆಗಲೇ. ದೇಶ ಮನೆಯೊಳಗೆ ಕೂತಿತ್ತು. ಹೊರಗೆ ನಮ್ಮ ಬೀದಿಯನ್ನು ಪೌರಕಾರ್ಮಿಕ ಹೆಂಗಸರು ಗುಡಿಸುತ್ತಿದ್ದರು. ಅವರ ಮೇಲೆ ಕೆಲವರು ಹೂವು ಎರಚಿದರು. ಜಗುಲಿಗೆ ಕರೆದು ಕೂರಿಸಿದ್ದನ್ನು ನಾನಂತೂ ಕಾಣಲಿಲ್ಲ.

ಅಪ್ಪನನ್ನು ಕರೆದೆ. "ಬಾ, ಬಿಟ್ಟಲ್ಲಿಂದ ನೋಡು. ಈಗ ನಮ್ಮದೇ ಮನೆ, ನಮ್ಮದೇ ಟೀವಿ." ಅವನು ಬಾಗಿಲಲ್ಲೇ ನಿಂತು ಕೇಳಿದ: "ಶಂಬೂಕ ಬತ್ತಾನಾ?"

ಇಲ್ಲ ಅಂದೆ.

"ಹಂಗಾದ್ರೆ ಇನ್ನೂ ಮುಗುದಿಲ್ಲ ಬುಡು" ಅಂದು ಹೊರಗೆ ಹೋದ.

ಜಲಂಧರದವರು ಧಾರಾವಾಹಿಯನ್ನು ಬಿಡಲೊಪ್ಪದೆ ಹೋರಾಡಿದರು. ಅಪ್ಪ ನೋಡುವುದನ್ನೇ ಬಿಟ್ಟ. ಇವೆರಡೂ ಒಂದೇ ವಿಮರ್ಶೆಯ ಎರಡು ಕೈಗಳು ಎಂದು ನನಗನ್ನಿಸುತ್ತದೆ. ಯಾವ ಕೈಯನ್ನು ಯಾವಾಗ ಎತ್ತಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು, ಮಂಗಳ ಹಾಡುವ ಪುರೋಹಿತರಲ್ಲ.