ಟಿಂಬಕ್ಟು: ಗ್ರಂಥಗಳ ನಗರಕ್ಕೆ ಬಂದೂಕು ಬಂದ ಬಗೆ

ಜಗದ್ವಿಖ್ಯಾತ ಪ್ರವಾಸಿ ಇಬ್ನ್ ಬತೂತಾ 14ನೇ ಶತಮಾನದಲ್ಲಿ ನಮ್ಮ ಕರಾವಳಿಯ ಹೊನ್ನಾವರಕ್ಕೆ ಬಂದಿದ್ದರು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಅವರು ಬರೆದಿಟ್ಟಿದ್ದಾರೆ. ಇದೇ ಪ್ರವಾಸಿ 1352-53ರಲ್ಲಿ ಪಶ್ಚಿಮ ಆಫ್ರಿಕದ ಮಾಲಿ ಸಾಮ್ರಾಜ್ಯವನ್ನು ಸುತ್ತಿದರು. ಅಲ್ಲಿ ಅವರು ಬಹುವಾಗಿ ಮೆಚ್ಚಿಕೊಂಡ ಸಂಗತಿಗಳಲ್ಲಿ ಎರಡು ಮುಖ್ಯವಾದವು. ದಾರಿಹೋಕರಿಗೆ ಕಳ್ಳರ ಭಯವಿರಲಿಲ್ಲ; ಮಕ್ಕಳಿಗೆ ಕುರ್‌ಆನ್ ಕಂಠಪಾಠ ಮಾಡಿಸುವುದರಲ್ಲಿ ಜನರಿಗೆ ಅಪಾರ ಆಸಕ್ತಿಯಿತ್ತು. ಇಂದು ಅದೇ ನಾಡಿನಲ್ಲಿ ದಾರಿಗಳು ಅಪಾಯಕಾರಿಯಾಗಿವೆ, ಅನೇಕ ಶಾಲೆಗಳಿಗೆ ಬೀಗ ಬಿದ್ದಿದೆ. ಇದು ಹೇಗಾಯಿತು ಎಂಬುದನ್ನು ವಿದ್ಯಾರ್ಥಿಗಳು ಅರಿಯುವುದು ಅಗತ್ಯ.

ಮಾಲಿಯ ದೊರೆ ಮನ್ಸಾ ಮೂಸಾ 1324ರಲ್ಲಿ ಹಜ್ ಯಾತ್ರೆ ಕೈಗೊಂಡು, ಮರಳಿದ ಮೇಲೆ ಟಿಂಬಕ್ಟು ನಗರದಲ್ಲಿ ದೊಡ್ಡ ಮಸೀದಿಯನ್ನು ಕಟ್ಟಿಸಿದನು. ಮುಂದೆ ಸಾಂಕೋರೆ ಮಸೀದಿಯ ಸುತ್ತ ಉಲಮಾಗಳ ಪಾಠಪ್ರವಚನ ಬೆಳೆಯಿತು. ಖಗೋಳಶಾಸ್ತ್ರ, ವೈದ್ಯ, ಗಣಿತ, ಫಿಕ್ಹ್ ಮೊದಲಾದ ವಿಷಯಗಳ ಹಸ್ತಪ್ರತಿಗಳನ್ನು ಅಲ್ಲಿನ ಮನೆತನಗಳು ತಲೆಮಾರುಗಳಿಂದ ಪೆಟ್ಟಿಗೆಗಳಲ್ಲಿ ಕಾಪಾಡಿಕೊಂಡು ಬಂದವು. ಆ ನಗರದ ಮಹಾ ವಿದ್ವಾಂಸ ಅಹ್ಮದ್ ಬಾಬಾ ಅವರ ಹೆಸರಿನಲ್ಲಿ ಇಂದಿಗೂ ಅಲ್ಲಿ ಒಂದು ಗ್ರಂಥಸಂಸ್ಥೆಯಿದೆ.

ಇಂತಹ ನಾಡಿಗೆ ಉಗ್ರವಾದ ಹೊರಗಿನಿಂದ ಬಂದಿತು. ಆದರೆ ಬಾಗಿಲು ಒಳಗಿನಿಂದಲೇ ತೆರೆದಿತ್ತು. ನೆರೆಯ ಅಲ್ಜೀರಿಯಾದಲ್ಲಿ 1992ರ ಜನವರಿಯಲ್ಲಿ ಸೇನೆ ಚುನಾವಣೆಯನ್ನು ರದ್ದುಪಡಿಸಿದಾಗ ಅಂತರ್ಯುದ್ಧ ಆರಂಭವಾಯಿತು. ಅದರಲ್ಲಿ ಸೋತ ಸಶಸ್ತ್ರ ಗುಂಪೊಂದು ದಕ್ಷಿಣದ ಮರುಭೂಮಿಗೆ ಸರಿದು, 2007ರಲ್ಲಿ ಅಲ್ ಖೈದಾದ ಹೆಸರನ್ನು ಇಟ್ಟುಕೊಂಡಿತು. ಉತ್ತರ ಮಾಲಿಯಲ್ಲಿ ಸರ್ಕಾರದ ಇರುವಿಕೆ ಹೆಸರಿಗೆ ಮಾತ್ರವಿತ್ತು. ಅಲ್ಲಿ ಅದು ವಿದೇಶಿಯರನ್ನು ಅಪಹರಿಸಿ ಹಣ ಗಳಿಸಿತು, ಮದುವೆ ಸಂಬಂಧಗಳ ಮೂಲಕ ಸ್ಥಳೀಯರೊಡನೆ ಬೆರೆಯಿತು.

ಉತ್ತರದ ಟ್ವಾರೆಗ್ ಜನಾಂಗಕ್ಕೆ ಮಾಲಿ ಸರ್ಕಾರದ ಮೇಲೆ ಹಳೆಯ ಅಸಮಾಧಾನವಿತ್ತು. 1963ರಲ್ಲಿ ಮತ್ತು 1990ರಲ್ಲಿ ಅವರು ದಂಗೆಯೆದ್ದಿದ್ದರು. ಬರಗಾಲಕ್ಕೆ ಸಿಕ್ಕಿ ಲಿಬಿಯಾಕ್ಕೆ ಹೋದ ಅನೇಕ ಯುವಕರು ಗದ್ದಾಫಿಯ ಸೇನೆ ಸೇರಿದ್ದರು. 2011ರಲ್ಲಿ ಗದ್ದಾಫಿ ಪತನವಾದಾಗ ಅವರು ಆಯುಧಗಳ ಸಮೇತ ಮರಳಿದರು. 2012ರ ಜನವರಿಯಲ್ಲಿ ಪ್ರತ್ಯೇಕ ನಾಡಿಗಾಗಿ ಬಂಡಾಯ ಪ್ರಾರಂಭವಾಯಿತು. ಮಾರ್ಚ್ 22ರಂದು ರಾಜಧಾನಿ ಬಮಾಕೊದಲ್ಲಿ ಸೈನಿಕರೇ ಕ್ರಾಂತಿ ನಡೆಸಿ ಸರ್ಕಾರವನ್ನು ಉರುಳಿಸಿದರು. ತಿಂಗಳ ಕೊನೆಗೆ ಕಿದಾಲ್, ಗಾವೊ, ಟಿಂಬಕ್ಟು ನಗರಗಳು ಮೂರೇ ದಿನಗಳಲ್ಲಿ ಕೈಬಿಟ್ಟುಹೋದವು. ಪ್ರತ್ಯೇಕತಾವಾದಿಗಳ ಜೊತೆಗೂಡಿ ಬಂದ ಉಗ್ರ ಗುಂಪುಗಳು ಕೆಲವೇ ತಿಂಗಳುಗಳಲ್ಲಿ ಅವರನ್ನೇ ಹೊರದಬ್ಬಿದವು.

ಟಿಂಬಕ್ಟುವಿನಲ್ಲಿ ಆಗ ನಡೆದುದನ್ನು ಜಗತ್ತು ನೋಡಿತು. ಔಲಿಯಾಗಳ ಮಜಾರ್‌ಗಳನ್ನು ಗುದ್ದಲಿಯಿಂದ ಒಡೆದರು, ಸಂಗೀತವನ್ನು ನಿಷೇಧಿಸಿದರು, ಛಡಿ ಏಟಿನ ಶಿಕ್ಷೆ ಜಾರಿಗೆ ತಂದರು. ಆ ಸಮಯದಲ್ಲಿ ಅಬ್ದುಲ್ ಖಾದರ್ ಹೈದರಾ ಎಂಬ ಗ್ರಂಥಪಾಲಕರು ಮತ್ತು ಅವರ ಸಂಗಡಿಗರು ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಕತ್ತೆಗಾಡಿ, ಜೀಪು ಮತ್ತು ನೈಜರ್ ನದಿಯ ದೋಣಿಗಳ ಮೂಲಕ ಗುಟ್ಟಾಗಿ ಬಮಾಕೊಗೆ ಸಾಗಿಸಿದರು. 2013ರ ಜನವರಿಯಲ್ಲಿ ಫ್ರೆಂಚ್ ಸೇನೆ ಬಂದಾಗ ಓಡಿಹೋಗುತ್ತಿದ್ದ ಉಗ್ರರು ಅಹ್ಮದ್ ಬಾಬಾ ಸಂಸ್ಥೆಯಲ್ಲಿ ಉಳಿದಿದ್ದ ಸುಮಾರು 4,000 ಹಸ್ತಪ್ರತಿಗಳಿಗೆ ಬೆಂಕಿಯಿಟ್ಟರು. ಬಹುಪಾಲು ಸಂಪತ್ತು ಅಷ್ಟರಲ್ಲಾಗಲೇ ಸುರಕ್ಷಿತವಾಗಿತ್ತು. ಒಡೆದ ಮಜಾರ್‌ಗಳನ್ನು 2015ರ ವೇಳೆಗೆ ಅದೇ ಊರಿನ ಗಾರೆ ಕೆಲಸದವರು ಮತ್ತೆ ಕಟ್ಟಿದರು. ಅವುಗಳ ಧ್ವಂಸಕ್ಕೆ ಕಾರಣನಾದವರಲ್ಲಿ ಒಬ್ಬನಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷಗಳ ಸೆರೆವಾಸ ವಿಧಿಸಿತು.

ಆದರೆ ನಗರಗಳಿಂದ ಓಡಿದವರು ಹಳ್ಳಿಗಳಲ್ಲಿ ಬೇರೂರಿದರು. 2015ರಲ್ಲಿ ಒಂದು ಬಣ ಒಡೆದು ಐಸಿಸ್‌ಗೆ ನಿಷ್ಠೆ ಘೋಷಿಸಿತು. 2017ರ ಮಾರ್ಚ್‌ನಲ್ಲಿ ಅಲ್ ಖೈದಾ ಪಕ್ಷದ ನಾಲ್ಕು ಗುಂಪುಗಳು ಇಯಾದ್ ಅಗ್ ಘಾಲಿಯ ನಾಯಕತ್ವದಲ್ಲಿ 'ಜಮಾಅತ್ ನುಸ್ರತುಲ್ ಇಸ್ಲಾಂ ವಲ್ ಮುಸ್ಲಿಮೀನ್' ಎಂಬ ಹೆಸರಿನಲ್ಲಿ ಒಂದಾದವು. ಕೆಲಕಾಲ ಇಬ್ಬರೂ ಪರಸ್ಪರ ತಂಟೆಗೆ ಹೋಗಲಿಲ್ಲ. 2020ರಿಂದ ಮಾಲಿ ಮತ್ತು ಬುರ್ಕಿನಾ ಫಾಸೊಗಳಲ್ಲಿ ಬಹಿರಂಗ ಕಾಳಗ ಶುರುವಾಯಿತು. ಎರಡೂ ಕಡೆಯವರು ಧರ್ಮದ ಹೆಸರನ್ನೇ ಹೇಳುತ್ತಾರೆ, ಎದುರಾಳಿಯನ್ನು ದಾರಿತಪ್ಪಿದವನೆಂದು ಕರೆಯುತ್ತಾರೆ. ಆದರೆ ಜಗಳದ ಬುಡದಲ್ಲಿ ಹೋರಾಟಗಾರರ ನೇಮಕಾತಿ, ಹುಲ್ಲುಗಾವಲು, ಸಾಗಾಟದ ದಾರಿಗಳ ಹಿಡಿತವೂ ಇದೆ. ತಮ್ಮೊಡನೆ ಒಪ್ಪದ ಮುಸ್ಲಿಮರನ್ನು ಕಾಫಿರರೆಂದು ಸಾರಿ ಕೊಲ್ಲುವ ಕೇಡು ಹೊಸದಲ್ಲ. 661ರಲ್ಲಿ ಹಜ್ರತ್ ಅಲಿಯವರನ್ನು ಕೊಂದವನು ಒಬ್ಬ ಖಾರಿಜಿ ಎಂಬುದನ್ನು ಇಲ್ಲಿ ನೆನಪಿಡಬೇಕು.

ಇವರು ಹಳ್ಳಿಗಳಿಗೆ ನುಗ್ಗುವ ವಿಧಾನವನ್ನು ಗಮನಿಸಿರಿ. ದನಗಾಹಿಗಳಿಗೂ ರೈತರಿಗೂ ಮೇವು-ನೀರಿನ ವ್ಯಾಜ್ಯವಿರುತ್ತದೆ. ಸರ್ಕಾರಿ ಕೋರ್ಟು ದೂರ, ಅಲ್ಲಿ ಲಂಚವಿಲ್ಲದೆ ಕೆಲಸವಾಗದು. ಬಂದೂಕುಧಾರಿ ಬಂದು ಒಂದೇ ದಿನದಲ್ಲಿ ತೀರ್ಪು ಕೊಡುತ್ತಾನೆ, ದನಗಳ್ಳರನ್ನು ಓಡಿಸುತ್ತಾನೆ. ಜನ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಜಕಾತ್ ಹೆಸರಿನ ವಸೂಲಿ, ಶಾಲೆಗೆ ಬೆಂಕಿ, ಎದುರಾಡಿದವರ ಕೊಲೆ. ಎದುರಾಳಿ ಗುಂಪು ಬಂದರೆ ಅದೇ ಹಳ್ಳಿ ಎರಡನೆಯ ಸಲ ದಂಡ ತೆರಬೇಕು. ಸರ್ಕಾರದ ಕ್ರೌರ್ಯವೂ ಇವರಿಗೆ ನೆರವಾಗಿದೆ. 2022ರ ಮಾರ್ಚ್‌ನಲ್ಲಿ ಮೌರಾ ಎಂಬ ಊರಿನಲ್ಲಿ ಮಾಲಿ ಸೇನೆ ಮತ್ತು ವಿದೇಶಿ ಯೋಧರು ಕನಿಷ್ಠ 500 ಜನರನ್ನು ಕೊಂದರೆಂದು ವಿಶ್ವಸಂಸ್ಥೆಯ ವರದಿ ಹೇಳಿದೆ. ಹೀಗೆ ತಂದೆಯನ್ನು ಕಳೆದುಕೊಂಡ ಹುಡುಗನ ಮನೆ ಬಾಗಿಲಿಗೆ ಮೊದಲು ಹೋಗುವವರು ಯಾರು ಎಂಬುದನ್ನು ಊಹಿಸಬಹುದು.

ಮಾಲಿಯಲ್ಲಿ 2020 ಮತ್ತು 2021ರಲ್ಲಿ, ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಎರಡು ಬಾರಿ, ನೈಜರ್‌ನಲ್ಲಿ 2023ರಲ್ಲಿ ಸೇನಾಕ್ರಾಂತಿಗಳಾದವು. ಭದ್ರತೆ ತರುತ್ತೇವೆಂದು ಹೇಳಿದ ಸೇನಾಧಿಕಾರಿಗಳ ಕಾಲದಲ್ಲಿ ಹಿಂಸೆ ನಿಲ್ಲಲಿಲ್ಲ. 2025ರಲ್ಲಿ ಉಗ್ರರು ಇಂಧನದ ಟ್ಯಾಂಕರ್‌ಗಳನ್ನು ಸುಟ್ಟು ಬಮಾಕೊವನ್ನು ಕಂಗೆಡಿಸಿದಾಗ ದೇಶದ ಶಾಲೆ-ಕಾಲೇಜುಗಳನ್ನೆಲ್ಲ ಎರಡು ವಾರ ಮುಚ್ಚಬೇಕಾಯಿತು.

ಹಾಗಾದರೆ ಈ ರೋಗಕ್ಕೆ ಮದ್ದಿಲ್ಲವೇ? ಮಾಲಿಯ ನೆರೆಯಲ್ಲೇ ಇರುವ ಮಾರಿಟಾನಿಯಾದ ಅನುಭವ ಗಮನಾರ್ಹ. 2005ರಿಂದ ಅಲ್ಲಿಯೂ ದಾಳಿಗಳು ನಡೆದಿದ್ದವು. ಸರ್ಕಾರ ಗಡಿಯ ಪಹರೆಯನ್ನು ಬಿಗಿಗೊಳಿಸಿತು; ಜೊತೆಗೆ 2010ರಲ್ಲಿ ದೇಶದ ಉಲಮಾಗಳನ್ನು ಜೈಲಿಗೆ ಕಳುಹಿಸಿ, ಸೆರೆಯಲ್ಲಿದ್ದ ಯುವಕರೊಡನೆ ಕುರ್‌ಆನ್-ಹದೀಸ್‌ಗಳ ಆಧಾರದಿಂದ ಚರ್ಚೆ ಮಾಡಿಸಿತು. ಅನೇಕರು ಹಿಂಸೆಯ ದಾರಿ ತೊರೆದು ಬಿಡುಗಡೆಗೊಂಡರು. 2011ರ ನಂತರ ಅಲ್ಲಿ ದೊಡ್ಡ ದಾಳಿಗಳು ನಿಂತವು. ಬಡತನವೊಂದೇ ಉಗ್ರವಾದಕ್ಕೆ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಅರ್ಧ ಓದಿದವನನ್ನು ಮರುಳು ಮಾಡುವುದು ಸುಲಭ. ಕೇಳಲು, ವಾದಿಸಲು, ಪರಿಶೀಲಿಸಲು ಕಲಿತವನನ್ನು ಮರುಳು ಮಾಡುವುದು ಕಷ್ಟ. ನ್ಯಾಯಕ್ಕಾಗಿ ಜನ ಬಂದೂಕಿನ ಬಳಿ ಹೋಗದಂತೆ ನೋಡಿಕೊಳ್ಳುವುದು ಆಳುವವರ ಹೊಣೆಯಾದರೆ, ಧರ್ಮದ ಹೆಸರಿನಲ್ಲಿ ಆಡಿದ ಪ್ರತಿ ಮಾತಿಗೂ ಆಧಾರ ಕೇಳುವುದು ಓದಿದವರ ಹೊಣೆ. 2025ರ ಆಗಸ್ಟ್‌ನಲ್ಲಿ ಬಮಾಕೊದಿಂದ ಹಸ್ತಪ್ರತಿಗಳ ಪೆಟ್ಟಿಗೆಗಳು ಟಿಂಬಕ್ಟುವಿಗೆ ಮರಳತೊಡಗಿದವು. ಅವುಗಳನ್ನು ತೆರೆದು ಓದಬಲ್ಲ ಮಕ್ಕಳನ್ನು ತಯಾರು ಮಾಡುವ ಕೆಲಸ ಇನ್ನೂ ಬಾಕಿಯಿದೆ.