ಕಪ್ಪೂ ಒಂದು ಬಣ್ಣವೇ?

ಕಪ್ಪು ಬಣ್ಣವೇ ಅಲ್ಲ, ಬೆಳಕಿನ ಅಭಾವ ಮಾತ್ರ ಎನ್ನುವವರುಂಟು. 1704ರ ‘ಆಪ್ಟಿಕ್ಸ್’ ಗ್ರಂಥದಲ್ಲಿ ನ್ಯೂಟನ್ನನು ಎಣಿಸಿದ ಏಳು ಬಣ್ಣಗಳಲ್ಲಿ ಅದಿಲ್ಲವೆಂಬುದು ಅವರ ಆಧಾರ. ನಮ್ಮ ಶಾಸ್ತ್ರಕಾರರಲ್ಲಿ ಇಂಥ ವಾದ ಅದಕ್ಕೂ ಹಳೆಯದು. ಕತ್ತಲೆಗೆ ಕಪ್ಪು ಬಣ್ಣವಿದೆ, ಚಲನೆಯಿದೆ. ಆದ್ದರಿಂದ ಅದೊಂದು ದ್ರವ್ಯವೆಂದರು ಭಾಟ್ಟ ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ: ಬಣ್ಣವುಳ್ಳ ವಸ್ತು ಕಾಣಲು ಬೆಳಕು ಬೇಕು, ಕತ್ತಲೆ ಕಾಣಲು ಬೇಡ, ಸರಿಯುವುದು ದೀಪ, ಕತ್ತಲೆಯಲ್ಲ. ಕತ್ತಲೆಯನ್ನು ಹೀಗೆ ಅಭಾವವೆಂದರೂ ಅವರು ಕಪ್ಪನ್ನು ಕೈಬಿಡಲಿಲ್ಲ. 17ನೆಯ ಶತಮಾನದ ಅನ್ನಂಭಟ್ಟನು ‘ತರ್ಕಸಂಗ್ರಹ’ದ ಏಳು ಬಣ್ಣಗಳಲ್ಲಿ ಕಪ್ಪನ್ನೂ ಒಳಗೊಳ್ಳುವ ‘ನೀಲ’ವನ್ನು ಸೇರಿಸಿದನು. ಈ ವಿವೇಕ ನನಗೆ ಮೆಚ್ಚಿಗೆ. ಕರಿಯ ಕಂಬಳಿಯನ್ನು ಕತ್ತಲೆಯಲ್ಲಿ ಹುಡುಕಲು ನಾನೂ ದೀಪ ಹಚ್ಚುತ್ತೇನೆ. ಬೆಳಕಿಲ್ಲದೆ ಕಾಣದ ಕಪ್ಪನ್ನು ಬೆಳಕಿನ ಅಭಾವವೆನ್ನಲು ನನಗೆ ಮನಸ್ಸು ಬಾರದು.