ಪೆಟ್ಟಿಗೆಯಲ್ಲಿ ಉಳಿದ ಕುಣಿತ

ಚಿತ್ರ ಗೋಡೆಯ ಮೇಲೆ ಉಳಿಯುತ್ತದೆ. ಶಿಲ್ಪ ಗುಡಿಯಲ್ಲಿ ಉಳಿಯುತ್ತದೆ. ಕಾವ್ಯ ಓಲೆಗರಿಯಲ್ಲೋ ಪುಸ್ತಕದಲ್ಲೋ ಉಳಿಯುತ್ತದೆ. ಕುಣಿತ ಮಾತ್ರ ಗೆಜ್ಜೆ ಬಿಚ್ಚಿದ ಗಳಿಗೆಯಲ್ಲೇ ಮುಗಿದುಹೋಗುತ್ತದೆ. ಆಮೇಲೆ ಉಳಿಯುವುದು ಬೆವರು ಹೀರಿದ ಉಡುಪು, ಸವೆದ ಪಾದರಕ್ಷೆ, ಮಡಚಿಟ್ಟ ಪರದೆ, ಪ್ರೇಕ್ಷಕರ ಜೇಬಿನಲ್ಲಿ ಮುದುರಿಹೋದ ಕಾರ್ಯಕ್ರಮ ಪಟ್ಟಿ. ಇವನ್ನು ಕೂಡಿಡುವವರನ್ನು ಕಂಡು ‘ಹಳೇ ಬಟ್ಟೆಗೆ ಇಷ್ಟೊಂದು ಹುಚ್ಚೇ?’ ಎಂದು ನಗುವವರುಂಟು. ಆದರೆ ಸತ್ತೇಹೋಯಿತು ಎಂದುಕೊಂಡಿದ್ದ ಬ್ಯಾಲೆಯೊಂದು 74 ವರ್ಷಗಳ ನಂತರ ಮತ್ತೆ ರಂಗವೇರಿದ್ದು ಇಂಥ ಹಳೇ ಬಟ್ಟೆ, ಹರಿದ ಕಾಗದಗಳ ಬಲದಿಂದಲೇ. ಆ ಕಥೆಯ ಒಂದು ಎಳೆ ಬೆಂಗಳೂರಿನ ಕನಕಪುರ ರಸ್ತೆಯವರೆಗೂ ಬಂದಿದೆ.

ಬ್ಯಾಲೆ ಅಭಿಮಾನಿಗಳ ಸಂಗ್ರಹದ ಗೀಳು ಹೊಸದಲ್ಲ. 19ನೇ ಶತಮಾನದಲ್ಲಿ ಯುರೋಪನ್ನು ಮರುಳು ಮಾಡಿದ ನರ್ತಕಿ ಮರೀ ಟ್ಯಾಗ್ಲಿಯೋನಿ. ಆಕೆ 1842ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟು ಹೊರಟಾಗ ಅಲ್ಲಿನ ಅಭಿಮಾನಿಗಳು ಆಕೆಯ ಕುಣಿತದ ಪಾದರಕ್ಷೆಗಳನ್ನು ಕೊಂಡು, ಬೇಯಿಸಿ, ಸಾರಿನೊಡನೆ ತಿಂದರೆಂಬ ಕಥೆ ಇಂದಿಗೂ ಬ್ಯಾಲೆ ವಲಯದಲ್ಲಿ ಪ್ರಚಲಿತ. ಕಥೆ ಎಷ್ಟು ನಿಜವೋ, ಅದರ ಹಿಂದಿನ ಹಂಬಲವಂತೂ ನಿಜ. ಕಣ್ಣೆದುರೇ ಕರಗಿಹೋಗುವ ಕಲೆಯನ್ನು ಹೇಗಾದರೂ ಹಿಡಿದಿಟ್ಟುಕೊಳ್ಳಬೇಕೆಂಬ ಹಂಬಲ ಅದು.

ಒಂದು ಸಂಜೆಯ ಗದ್ದಲ

1913ರ ಮೇ 29. ಪ್ಯಾರಿಸ್ಸಿನ ಹೊಸ ರಂಗಮಂದಿರವೊಂದರಲ್ಲಿ ‘ದಿ ರೈಟ್ ಆಫ್ ಸ್ಪ್ರಿಂಗ್’, ಅಂದರೆ ವಸಂತಾಚರಣೆ, ಎಂಬ ಬ್ಯಾಲೆಯ ಮೊದಲ ಪ್ರದರ್ಶನ. ಸಂಗೀತ ಇಗೋರ್ ಸ್ಟ್ರಾವಿನ್‌ಸ್ಕಿಯದು, ನೃತ್ಯಸಂಯೋಜನೆ ವಾಸ್ಲಾವ್ ನಿಜಿನ್‌ಸ್ಕಿಯದು. ರಂಗಸಜ್ಜಿಕೆ ಹಾಗೂ ಉಡುಪುಗಳನ್ನು ರೂಪಿಸಿದವರು ಚಿತ್ರಕಾರ ನಿಕೊಲಸ್ ರೋರಿಚ್. ಪ್ರಾಚೀನ ರಷ್ಯದ ಬುಡಕಟ್ಟೊಂದು ವಸಂತವನ್ನು ಬರಮಾಡಿಕೊಳ್ಳಲು ಒಬ್ಬ ಕನ್ಯೆಯನ್ನು ಬಲಿಗೆ ಆರಿಸುತ್ತದೆ. ಆಕೆ ಕುಣಿಕುಣಿದೇ ಪ್ರಾಣ ಬಿಡುತ್ತಾಳೆ. ಇದು ವಸ್ತು.

ಬೆರಳ ತುದಿಯಲ್ಲಿ ತೇಲುವ ನರ್ತಕಿಯರನ್ನು ನೋಡಿ ರೂಢಿಯಾಗಿದ್ದ ಪ್ಯಾರಿಸ್ಸಿನ ಜನರಿಗೆ ಇಲ್ಲಿ ಕಂಡದ್ದು ಒಳಮುಖವಾಗಿ ತಿರುಗಿದ ಪಾದಗಳು, ಬಾಗಿದ ಬೆನ್ನು, ನೆಲವನ್ನು ತುಳಿಯುವ ಹೆಜ್ಜೆ. ಸಭಾಂಗಣದಲ್ಲಿ ಸಿಳ್ಳೆ, ಕೂಗಾಟ. ವಾದ್ಯಗಳ ಸದ್ದು ನರ್ತಕರಿಗೇ ಕೇಳಿಸದಷ್ಟು ಗದ್ದಲ. ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿ ಬೆರಳೆಣಿಕೆಯ ಪ್ರದರ್ಶನಗಳಾದವು. ಅದೇ ವರ್ಷ ನಿಜಿನ್‌ಸ್ಕಿ ಮದುವೆಯಾದ. ತಂಡದ ಒಡೆಯ ಸೆರ್ಗೆ ದ್ಯಾಗಿಲೆವ್ ಅವನನ್ನು ತಂಡದಿಂದ ಹೊರಹಾಕಿದ. ಅಲ್ಲಿಗೆ ಆ ಕುಣಿತದ ಕಥೆ ಮುಗಿಯಿತು. 1920ರಲ್ಲಿ ಅದೇ ಸಂಗೀತಕ್ಕೆ ಲೆಯೊನಿಡ್ ಮಾಸೀನ್ ಹೊಸ ಹೆಜ್ಜೆಗಳನ್ನು ಕಟ್ಟಿದ. ನಿಜಿನ್‌ಸ್ಕಿಯ ಹೆಜ್ಜೆಗಳು ಯಾರಿಗೂ ಬೇಡವಾದವು. ಆದರೆ ರೋರಿಚ್ ರೂಪಿಸಿದ ಉಡುಪುಗಳು ಆಗಲೂ ಬಳಕೆಗೆ ಬಂದವು. ಆದ್ದರಿಂದ ಅವು ಪೆಟ್ಟಿಗೆಗಳಲ್ಲೇ ಉಳಿದವು.

ಗೋದಾಮಿನಿಂದ ಹರಾಜುಕಟ್ಟೆಗೆ

1909ರಲ್ಲಿ ಪ್ಯಾರಿಸ್ಸಿಗೆ ಕಾಲಿಟ್ಟ ದ್ಯಾಗಿಲೆವ್‌ನ ‘ಬ್ಯಾಲೆ ರೂಸ್’ ಇಪ್ಪತ್ತು ವರ್ಷ ಊರೂರು ಸುತ್ತಿತು. ಹೆಸರಿನಲ್ಲಿ ರಷ್ಯ ಇದ್ದರೂ ರಷ್ಯದಲ್ಲಿ ಒಂದೇ ಒಂದು ಪ್ರದರ್ಶನವನ್ನೂ ನೀಡಲಿಲ್ಲ. ಪಿಕಾಸೊ, ಮಾತೀಸ್, ಬಾಕ್ಸ್ಟ್ ಮೊದಲಾದ ಕಲಾವಿದರು ಅದಕ್ಕಾಗಿ ಪರದೆ ಬರೆದರು, ಉಡುಪು ರೂಪಿಸಿದರು. 1929ರ ಆಗಸ್ಟ್ 19ರಂದು ದ್ಯಾಗಿಲೆವ್ ವೆನಿಸ್ ನಗರದಲ್ಲಿ ತೀರಿಕೊಂಡಾಗ ತಂಡವೂ ಚದುರಿತು. ಸಾಮಾನು ಕೈಯಿಂದ ಕೈಗೆ ದಾಟಿ ಕರ್ನಲ್ ದ ಬಾಸಿಲ್ ಎಂಬಾತನ ತಂಡದ ಪಾಲಾಯಿತು. ಹಳೆಯ ಉಡುಪುಗಳಿಗೆ ತೇಪೆ ಹಾಕಿ ಮತ್ತೆ ಮತ್ತೆ ಬಳಸಲಾಯಿತು. ದ ಬಾಸಿಲ್ 1951ರಲ್ಲಿ ತೀರಿಕೊಂಡ ಬಳಿಕ ಎಲ್ಲವೂ ಪ್ಯಾರಿಸ್ಸಿನ ಹೊರವಲಯದ ಗೋದಾಮಿನಲ್ಲಿ ದೂಳು ತಿನ್ನುತ್ತ ಬಿದ್ದಿತು.

ಈ ನಡುವೆ ಕಾಗದದ ಸಂಪತ್ತು ಬೇರೊಂದು ದಾರಿ ಹಿಡಿದಿತ್ತು. ದ್ಯಾಗಿಲೆವ್ ತಂಡದ ತಾರೆ ಸೆರ್ಜ್ ಲಿಫಾರ್ ಬಳಿ ಕಲಾವಿದರು ಬರೆದ ರಂಗವಿನ್ಯಾಸ, ಉಡುಪುಗಳ ಚಿತ್ರಗಳ ದೊಡ್ಡ ಸಂಗ್ರಹವಿತ್ತು. 1933ರಲ್ಲಿ ಅಮೆರಿಕ ಪ್ರವಾಸದಲ್ಲಿ ಕೈ ಬರಿದಾದಾಗ ಆತ ಅದನ್ನು ಹಾರ್ಟ್‌ಫರ್ಡ್ ನಗರದ ವ್ಯಾಡ್ಸ್‌ವರ್ತ್ ಅಥೀನಿಯಂ ಸಂಗ್ರಹಾಲಯಕ್ಕೆ 10,000 ಡಾಲರಿಗೆ ಮಾರಿದ. ಒಬ್ಬನ ಕಷ್ಟ ಒಂದು ಊರಿನ ಭಾಗ್ಯವಾಯಿತು.

ಗೋದಾಮಿನ ಪೆಟ್ಟಿಗೆಗಳು ತೆರೆದದ್ದು 1960ರ ದಶಕದ ಕೊನೆಯಲ್ಲಿ. ಸೋದೆಬೀಸ್ ಸಂಸ್ಥೆ ಲಂಡನ್ನಿನಲ್ಲಿ ಸರಣಿ ಹರಾಜು ನಡೆಸಿತು. 1968ರ ಹರಾಜು ನಡೆದದ್ದು ರಂಗಮಂದಿರದಲ್ಲೇ. ರಾಯಲ್ ಬ್ಯಾಲೆ ಶಾಲೆಯ ವಿದ್ಯಾರ್ಥಿಗಳು ಹಳೆಯ ಉಡುಪು ತೊಟ್ಟು ವೇದಿಕೆಗೆ ಬಂದರು. ಕೆಳಗೆ ಬೆಲೆ ಕೂಗಲಾಯಿತು. ಪಿಕಾಸೊ ಚಿತ್ರವನ್ನು ಆಧರಿಸಿದ ‘ಲ ತ್ರೆಂ ಬ್ಲ್ಯೂ’ ಬ್ಯಾಲೆಯ ಹತ್ತು ಮೀಟರಿಗೂ ಎತ್ತರದ ಮುಂಪರದೆ 69,000 ಪೌಂಡಿಗೆ ಹೋಯಿತು. ಅದನ್ನು ಕೊಂಡವರು ವಿಮರ್ಶಕ ರಿಚರ್ಡ್ ಬಕಲ್. ಸ್ವಂತಕ್ಕಲ್ಲ, ಮುಂದೆ ಸ್ಥಾಪನೆಯಾಗಬೇಕಿದ್ದ ರಂಗಭೂಮಿ ಸಂಗ್ರಹಾಲಯಕ್ಕಾಗಿ. 1987ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ನಿನಲ್ಲಿ ಆ ಸಂಗ್ರಹಾಲಯ ಬಾಗಿಲು ತೆರೆಯಿತು. 2007ರಲ್ಲಿ ಮುಚ್ಚಿದರೂ ಅದರ ವಸ್ತುಗಳು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಆಸರೆಯಲ್ಲಿ ಸುರಕ್ಷಿತವಾಗಿವೆ. 1973ರ ಹರಾಜಿನಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾ ಗ್ಯಾಲರಿ ಉಡುಪುಗಳ ದೊಡ್ಡ ರಾಶಿಯನ್ನೇ ಕೊಂಡಿತು. ಆಗಿನ್ನೂ ಅದಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ.

ಬಟ್ಟೆ ಹೇಳುವ ಸಾಕ್ಷ್ಯ

ಹರಾಜಿಗೆ ಎರಡು ಮುಖ. ದೂಳಿನಲ್ಲಿ ಕೊಳೆಯಬೇಕಾದದ್ದನ್ನು ಅದು ಉಳಿಸುತ್ತದೆ. ಒಂದೆಡೆ ಇದ್ದದ್ದನ್ನು ನಾಲ್ಕು ದಿಕ್ಕಿಗೆ ಚದುರಿಸುತ್ತದೆ. ಒಂದೇ ಬ್ಯಾಲೆಯ ಉಡುಪುಗಳು ಒಂದು ಲಂಡನ್ನಿನಲ್ಲಿ, ಇನ್ನೊಂದು ಕ್ಯಾನ್‌ಬೆರಾದಲ್ಲಿ ಎಂಬಂತಾಯಿತು. ಆದರೂ ಸಂಗ್ರಹಾಲಯ ಸೇರಿದ ಬಟ್ಟೆಗಳು ಬಾಯಿಬಿಡತೊಡಗಿದವು. ಒಳಮೈಯಲ್ಲಿ ಶಾಯಿಯಿಂದ ಬರೆದ ನರ್ತಕರ ಹೆಸರು, ಬೆವರಿನ ಕಲೆ, ಮುಖದ ಬಣ್ಣದ ಗುರುತು, ಹರಿದಲ್ಲಿ ಹಾಕಿದ ಹೊಲಿಗೆ, ಎಲ್ಲವೂ ಸಾಕ್ಷ್ಯಗಳೇ. ಹಾಗಾಗಿಯೇ ಸಂರಕ್ಷಕರು ಇಂಥ ಬಟ್ಟೆಯನ್ನು ಒಗೆದು ಹೊಸದಾಗಿಸಲು ಹೋಗುವುದಿಲ್ಲ. ತೋಳು ಎಲ್ಲಿಯವರೆಗೆ ಎತ್ತಲು ಬರುತ್ತಿತ್ತು, ಎಷ್ಟು ಭಾರ ಹೊತ್ತು ಜಿಗಿಯಬೇಕಿತ್ತು ಎಂಬುದನ್ನು ಫೋಟೋ ಹೇಳಲಾರದು, ಉಡುಪು ಹೇಳುತ್ತದೆ. ‘ರೈಟ್’ನ ಉಡುಪುಗಳು ದಪ್ಪ ಉಣ್ಣೆಯವು. ಅವುಗಳ ಮೇಲೆ ಅಚ್ಚು ಹಾಕಿದ ವೃತ್ತ, ಗೆರೆಗಳ ಚಿತ್ತಾರ.

1970ರ ದಶಕದ ಆರಂಭದಲ್ಲಿ ಅಮೆರಿಕದ ವಿದ್ವಾಂಸೆ ಮಿಲಿಸೆಂಟ್ ಹಾಡ್ಸನ್ ನಿಜಿನ್‌ಸ್ಕಿಯ ಕಳೆದುಹೋದ ಹೆಜ್ಜೆಗಳ ಹುಡುಕಾಟಕ್ಕೆ ತೊಡಗಿದರು. ರೋರಿಚ್ ಕಲೆಯ ಅಧ್ಯಯನ ನಡೆಸಿದ್ದ ಇತಿಹಾಸಕಾರ ಕೆನೆತ್ ಆರ್ಚರ್ ಮುಂದೆ ಜೊತೆಗೂಡಿದರು. 1913ರಲ್ಲಿ ತಾಲೀಮಿಗೆ ನೆರವಾಗಿದ್ದ ಮರೀ ರಾಂಬರ್ ಸಂಗೀತದ ಪ್ರತಿಯ ಮೇಲೆ ಗೀಚಿಟ್ಟ ಟಿಪ್ಪಣಿಗಳು ಸಿಕ್ಕವು. ವ್ಯಾಲೆಂಟೈನ್ ಗ್ರಾಸ್ ಎಂಬ ಕಲಾವಿದೆ ಪ್ರದರ್ಶನದ ಕತ್ತಲಲ್ಲಿ ಕೂತು ಬರೆದ ರೇಖಾಚಿತ್ರಗಳು ಸಿಕ್ಕವು. ಸ್ಟ್ರಾವಿನ್‌ಸ್ಕಿಯ ಬರಹ, ಅಂದಿನ ಪತ್ರಿಕಾ ವಿಮರ್ಶೆ, ಬದುಕುಳಿದವರ ನೆನಪು, ಇವೆಲ್ಲದರ ಜೊತೆಗೆ ಆ ಉಡುಪುಗಳು. ಚೂರುಗಳನ್ನು ಜೋಡಿಸಲು ವರ್ಷಗಳೇ ಹಿಡಿದವು. ಕೊನೆಗೆ 1987ರ ಸೆಪ್ಟೆಂಬರ್ 30ರಂದು ಲಾಸ್ ಏಂಜಲಿಸ್‌ನಲ್ಲಿ ಜಾಫ್ರಿ ಬ್ಯಾಲೆ ತಂಡ ನಿಜಿನ್‌ಸ್ಕಿಯ ‘ರೈಟ್’ ಅನ್ನು ಮರಳಿ ರಂಗಕ್ಕೆ ತಂದಿತು.

ಅದು 1913ರ ಕುಣಿತವೇ ಹೌದೇ? ಸಾಕ್ಷ್ಯ ಇಲ್ಲದೆಡೆ ಊಹೆಯೇ ಹೆಚ್ಚಾಯಿತು ಎಂದು ಆಕ್ಷೇಪಿಸಿದ ವಿಮರ್ಶಕರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಎರಡು ಹೆಜ್ಜೆಗಳ ನಡುವಿನ ಚಲನೆ ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ. ಆದರೆ ಆ ಪೆಟ್ಟಿಗೆಗಳೂ ಇಲ್ಲದಿದ್ದರೆ ಊಹಿಸಲು ಕೂಡ ಆಧಾರವಿರುತ್ತಿರಲಿಲ್ಲ.

ತಾತಗುಣಿಯ ಎಳೆ

ಉಡುಪು ರೂಪಿಸಿದ ನಿಕೊಲಸ್ ರೋರಿಚ್ ಮುಂದೆ ಭಾರತಕ್ಕೆ ಬಂದು ಹಿಮಾಲಯದ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿ, 1947ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಅವರ ಮಗ, ಚಿತ್ರಕಾರ ಸ್ವೆತೊಸ್ಲಾವ್ ರೋರಿಚ್ ಹಾಗೂ ಸೊಸೆ, ಚಿತ್ರತಾರೆ ದೇವಿಕಾ ರಾಣಿ ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ದಶಕಗಳ ಕಾಲ ಬಾಳಿದರು. 1993ರಲ್ಲಿ ಸ್ವೆತೊಸ್ಲಾವ್, 1994ರಲ್ಲಿ ದೇವಿಕಾ ರಾಣಿ ತೀರಿಕೊಂಡರು. ಮಕ್ಕಳಿರಲಿಲ್ಲ. ಎಸ್ಟೇಟು ವಿವಾದಕ್ಕೆ ಸಿಕ್ಕಿತು. ಅದನ್ನು ವಶಕ್ಕೆ ಪಡೆಯಲು ಕರ್ನಾಟಕ ಸರ್ಕಾರ 1996ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಅದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2011ರಲ್ಲಿ.

ಪ್ಯಾರಿಸ್ಸಿನ ಗೋದಾಮಿಗೂ ಕನಕಪುರ ರಸ್ತೆಯ ತೋಟಕ್ಕೂ ಸಾವಿರಾರು ಮೈಲಿಯ ಅಂತರ. ಆದರೆ ಎರಡು ಕಡೆಯೂ ಎದುರಾದ ಪ್ರಶ್ನೆ ಒಂದೇ: ಕಲಾವಿದ ಹೋದ ಮೇಲೆ ಅವನ ವಸ್ತುಗಳಿಗೆ ಯಾರು ದಿಕ್ಕು? ಪ್ಯಾರಿಸ್ಸಿನ ಪೆಟ್ಟಿಗೆಗಳು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾದವು, ತಾತಗುಣಿಯ ತೀರ್ಮಾನಕ್ಕೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯಿತು. ಉಣ್ಣೆ ಬಟ್ಟೆಗಾಗಲಿ ಕಾಗದಕ್ಕಾಗಲಿ ಅಷ್ಟು ತಾಳ್ಮೆ ಇರುವುದಿಲ್ಲ. ನುಸಿ, ತೇವಗಳು ಯಾರ ತೀರ್ಪಿಗೂ ಕಾಯುವುದಿಲ್ಲ.